ಬಾಂಕುರಾದ ಇಂಗ್ಲಿಷ್ ಮೇಷ್ಟರು

ಊರು ಬಿಟ್ಟು ಹೋದವನಿಗೆ ಮೊದಲು ನೆನಪಾಗುವುದು ಯಾವುದು? ಮನೆಯ ಜನ ಎಂದು ಉತ್ತರ ಹೇಳುವುದು ಸುಲಭ. ಆದರೆ ಪರಸ್ಥಳದಲ್ಲಿ ಬಹುಕಾಲ ಇದ್ದು ಬಂದವರನ್ನು ಕೇಳಿ ನೋಡಿದರೆ ಬೇರೆಯೇ ಉತ್ತರ ಬರುವುದುಂಟು. ಹಿತ್ತಲಿನ ಬಾವಿಯ ರಾಟೆಯ ಕಿರುಗುಟ್ಟುವಿಕೆ, ಬೆಳಗಿನ ಒಗ್ಗರಣೆಯ ವಾಸನೆ, ಮೊದಲ ಮಳೆಗೆ ಮಣ್ಣಿನಿಂದೇಳುವ ಕಂಪು, ಇಂತಹ ಅಲ್ಪ ವಸ್ತುಗಳೇ ಅವರನ್ನು ಹೆಚ್ಚಾಗಿ ಕಾಡಿರುತ್ತವೆ. ಜನರಿಗೆ ಪತ್ರ ಬರೆಯಬಹುದು, ಅವರಿಂದ ಉತ್ತರವನ್ನೂ ಪಡೆಯಬಹುದು. ಮಣ್ಣಿನ ಕಂಪಿಗೆ ಪತ್ರ ಬರೆಯುವ ಬಗೆ ಹೇಗೆ?

ನಮ್ಮವರು ಪರದೇಶಕ್ಕೆ ಹೋಗಿ ಹೀಗೆ ಹಂಬಲಿಸಿದ ಕತೆಗಳು ಎಲ್ಲರಿಗೂ ಪರಿಚಿತವಾದವು. ಪರದೇಶದವನೊಬ್ಬನು ನಮ್ಮ ದೇಶಕ್ಕೆ ಬಂದು, ಇಲ್ಲಿಯ ಹುಡುಗರಿಗೆ ಪಾಠ ಹೇಳುತ್ತ, ತನ್ನ ಊರಿಗಾಗಿ ಹಂಬಲಿಸಿದ ಕತೆ ಅಷ್ಟು ಪರಿಚಿತವಲ್ಲ. ಆಳುವ ಜನಾಂಗದವನಿಗೆ ಹಂಬಲವೇನು, ಕೊರಗೇನು ಎಂಬ ಭಾವನೆಯೂ ಅದಕ್ಕೆ ಕಾರಣವಾಗಿರಬಹುದು. ಆದರೆ ಮನೆಯ ನೆನಪು ಬಡವ ಬಲ್ಲಿದನೆಂದು ನೋಡುವುದಿಲ್ಲ. ಆಳುವವನು, ಆಳಿಸಿಕೊಳ್ಳುವವನು ಎಂದೂ ನೋಡುವುದಿಲ್ಲ. ಎಡ್ವರ್ಡ್ ಥಾಂಪ್ಸನ್ ಎಂಬ ಇಂಗ್ಲಿಷ್ ಅಧ್ಯಾಪಕರ ಬಾಳು ಇದಕ್ಕೆ ಒಂದು ಒಳ್ಳೆಯ ಸಾಕ್ಷಿ.

ಥಾಂಪ್ಸನ್ನರು ಹುಟ್ಟಿದ್ದು ೧೮೮೬ರಲ್ಲಿ, ಉತ್ತರ ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನ ಹತ್ತಿರ. ತಂದೆ ವೆಸ್ಲಿಯನ್ ಪಂಥದ ಪಾದ್ರಿ. ದಕ್ಷಿಣ ಭಾರತದಲ್ಲಿ ಮಿಷನರಿಯಾಗಿ ದುಡಿದವರು. ೧೮೯೪ರಲ್ಲಿ ತಂದೆ ತೀರಿಕೊಂಡಾಗ ಮಗನಿಗೆ ಎಂಟು ವರ್ಷ. ಮನೆಯಲ್ಲಿ ಮಕ್ಕಳು ಅನೇಕ, ಹಣ ಕಡಿಮೆ. ಹಿರಿಯ ಮಗನಾದ ಎಡ್ವರ್ಡ್ ಓದಿನಲ್ಲಿ ಚುರುಕಾಗಿದ್ದರೂ ಹದಿನಾರನೆಯ ವಯಸ್ಸಿಗೇ ಶಾಲೆಯನ್ನು ಬಿಟ್ಟು ಲಂಡನ್ನಿನ ಬೆತ್ನಲ್ ಗ್ರೀನ್ ಎಂಬ ಬಡವರ ಬಡಾವಣೆಯಲ್ಲಿ ಬ್ಯಾಂಕಿನ ಗುಮಾಸ್ತೆಯಾಗಬೇಕಾಯಿತು. ಹಗಲು ಅಂಕಿಗಳ ಕೂಡುವಿಕೆ, ರಾತ್ರಿ ಕವಿತೆ. ಕೆಲವು ವರ್ಷಗಳ ಬಳಿಕ ಅವರು ಪಾದ್ರಿಯಾಗುವ ಶಿಕ್ಷಣಕ್ಕೆ ಸೇರಿ, ಪದವಿಯನ್ನೂ ದೀಕ್ಷೆಯನ್ನೂ ಪಡೆದು, ೧೯೧೦ರಲ್ಲಿ ತಂದೆಯ ದಾರಿಯನ್ನೇ ಹಿಡಿದು ಭಾರತಕ್ಕೆ ಹೊರಟರು. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ಅವರನ್ನು ಕಳುಹಿಸಿದ್ದು ದಕ್ಷಿಣಕ್ಕಲ್ಲ, ಬಂಗಾಳದ ಬಾಂಕುರಾ ಎಂಬ ಪಟ್ಟಣಕ್ಕೆ.

ವೆಸ್ಲಿಯನ್ ಮಿಷನ್ನಿನ ಹೆಸರು ಕನ್ನಡಿಗರಿಗೆ ಹೊಸದಲ್ಲ. ಮೈಸೂರಿನಲ್ಲಿ ಕುವೆಂಪು ಅವರು ಓದಿದ ವೆಸ್ಲಿಯನ್ ಹೈಸ್ಕೂಲು ಈ ಮಿಷನ್ನಿನದೇ. ಬಂಗಾಳದಲ್ಲಿ ಆ ಮಿಷನ್ನು ೧೯೦೩ರಲ್ಲಿ ಬಾಂಕುರಾದಲ್ಲಿ ಒಂದು ಕಾಲೇಜನ್ನು ತೆರೆದಿತ್ತು. ಆಗ ಕಲ್ಕತ್ತಾ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಆ ಕಾಲೇಜು ಬಾಂಕುರಾ ಕ್ರಿಶ್ಚಿಯನ್ ಕಾಲೇಜು ಎಂಬ ಹೆಸರಿನಿಂದ ಈಗಲೂ ನಡೆಯುತ್ತಿದೆ. ಹೊಸದಾಗಿ ಬಂದ ಯುವಕನ ಪಾಲಿಗೆ ಬಿದ್ದ ಕೆಲಸ ಇಂಗ್ಲಿಷ್ ಸಾಹಿತ್ಯದ ಬೋಧನೆ.

ಬಂಗಾಳವೆಂದರೆ ಹಸಿರು, ನೀರು, ತೆಂಗು, ಬಾಳೆ ಎಂದು ತಿಳಿದವರಿಗೆ ಬಾಂಕುರಾ ಬೇರೆಯದೇ ದೇಶವಾಗಿ ಕಾಣುತ್ತದೆ. ಅಲ್ಲಿಯ ನೆಲ ಕೆಂಪು ಜಂಬಿಟ್ಟಿಗೆಯ ನೆಲ. ದ್ವಾರಕೇಶ್ವರ, ಗಂಧೇಶ್ವರಿ ಎಂಬ ನದಿಗಳು ಬೇಸಗೆಯಲ್ಲಿ ಮರಳಿನ ಹಾಸುಗಳಾಗಿಬಿಡುತ್ತವೆ. ಸುತ್ತಲೂ ಸಾಲವೃಕ್ಷಗಳ ಕಾಡು, ಅದರ ನಡುವೆ ಮುತ್ತುಗ, ಹಿಪ್ಪೆ. ಬೇಸಗೆಯಲ್ಲಿ ತಾಪ ೪೦ ಡಿಗ್ರಿ ಸೆಲ್ಸಿಯಸ್ಸನ್ನು ದಾಟುವುದು ಅಲ್ಲಿ ಸಾಮಾನ್ಯ ಸಂಗತಿ. ಬರಗಾಲವೂ ಹೊಸತಲ್ಲ. ಹತ್ತಿರದ ವಿಷ್ಣುಪುರದಲ್ಲಿ ಮಲ್ಲ ಅರಸರು ಕಟ್ಟಿಸಿದ ಸುಟ್ಟ ಮಣ್ಣಿನ ದೇವಾಲಯಗಳಿವೆ. ಮಂಜು, ಮಳೆ, ತಣ್ಣನೆಯ ಸರೋವರಗಳ ನಾಡಿನಿಂದ ಬಂದವನ ಕಣ್ಣಿಗೆ ಈ ಕೆಂಪು ನೆಲ ಮೊದಲ ವರ್ಷಗಳಲ್ಲಿ ಸುಂದರವಾಗಿ ಕಾಣದಿದ್ದರೆ ಆಶ್ಚರ್ಯವಿಲ್ಲ.

ಅಂದಿನ ಅಂಚೆಯ ವೇಗವನ್ನೂ ನೆನೆಯಬೇಕು. ಲಂಡನ್ನಿನಿಂದ ಹೊರಟ ಪತ್ರ ಹಡಗಿನಲ್ಲಿ ಮುಂಬಯಿಗೆ ಬಂದು, ಅಲ್ಲಿಂದ ರೈಲಿನಲ್ಲಿ ಬಂಗಾಳದ ಒಳನಾಡಿಗೆ ತಲುಪಲು ಎರಡು ವಾರಗಳ ಮೇಲೆ ಬೇಕಾಗುತ್ತಿತ್ತು. ತಾಯಿಗೆ ಕಾಯಿಲೆಯೆಂದು ತಿಳಿಯುವ ವೇಳೆಗೆ ಆ ಕಾಯಿಲೆ ಗುಣವಾಗಿಯೂ ಇರಬಹುದು, ಮತ್ತೊಂದೂ ಆಗಿರಬಹುದು. ಕೈಗೆ ಬಂದ ಪತ್ರ ಎಂದಿಗೂ ಈ ಹೊತ್ತಿನ ಮನೆಯನ್ನು ತೋರಿಸುವುದಿಲ್ಲ, ಹದಿನೈದು ದಿನಗಳ ಹಿಂದಿನ ಮನೆಯನ್ನು ತೋರಿಸುತ್ತದೆ. ಹೀಗೆ ದೂರವಾದ ಮಗ ವಿಧವೆಯಾದ ತಾಯಿಗೆ ಬರೆದ ಪತ್ರಗಳೇ ಥಾಂಪ್ಸನ್ನರ ಆ ಕಾಲದ ಮನಸ್ಸಿಗೆ ಕನ್ನಡಿ. ಪಾಠದ ಬೇಸರ, ಪಂಥದವರೊಡನೆ ಹೊಂದಲಾರದ ಒಂಟಿತನ, ತಾನು ಬಂದ ಉದ್ದೇಶ ಸಾಧಿಸಿತೇ ಎಂಬ ಸಂದೇಹ, ಇವು ಅವುಗಳಲ್ಲಿ ಮತ್ತೆ ಮತ್ತೆ ತಲೆಯೆತ್ತುತ್ತವೆ.

ಇನ್ನೊಂದು ಸಾಕ್ಷಿ ಅವರ ಕವಿತೆಗಳದು. ೧೯೧೪ರಲ್ಲಿ ಅವರು ಪ್ರಕಟಿಸಿದ ಸಂಕಲನದ ಹೆಸರು ‘ಎನ್ನರ್‌ಡೇಲ್ ಬ್ರಿಜ್’. ಎನ್ನರ್‌ಡೇಲ್ ಎಂಬುದು ಇಂಗ್ಲೆಂಡಿನ ಸರೋವರ ಪ್ರಾಂತದ ಒಂದು ಕಣಿವೆ. ೧೯೧೭ರ ಸಂಕಲನಕ್ಕೆ ‘ವಾಲ್ತಮ್ ಥಿಕೆಟ್ಸ್’ ಎಂದು ಹೆಸರು, ಅದೂ ತಾಯ್ನಾಡಿನದೇ. ಬಾಂಕುರಾದಲ್ಲಿ ಕುಳಿತವನು ತನ್ನ ಪುಸ್ತಕಗಳಿಗೆ ಇಡುವ ಹೆಸರುಗಳೇ ಅವನ ಮನಸ್ಸು ಎಲ್ಲಿತ್ತೆಂಬುದನ್ನು ಹೇಳುತ್ತವೆ. ಕೆಂಪು ಮಣ್ಣು ಕಾಲಿನ ಕೆಳಗೆ. ಹಸಿರು ಕಣಿವೆ ಕಾಗದದ ಮೇಲೆ.

*

ತರಗತಿಯ ಒಳಗಿನ ಸ್ಥಿತಿ ಹೇಗಿತ್ತು? ಇಂಗ್ಲಿಷ್ ಕಾವ್ಯವನ್ನು ಹೊರದೇಶದ ಹುಡುಗರಿಗೆ ಬೋಧಿಸುವವನ ಕಷ್ಟವನ್ನು ಒಂದು ಸಣ್ಣ ಉದಾಹರಣೆಯಿಂದ ತಿಳಿಯಬಹುದು. ಇಂಗ್ಲಿಷಿನಲ್ಲಿ ಒಳ್ಳೆಯದೆಲ್ಲ ಬೆಚ್ಚಗಿರುತ್ತದೆ. ಸ್ನೇಹ ಬೆಚ್ಚಗೆ, ಸ್ವಾಗತ ಬೆಚ್ಚಗೆ, ಹೃದಯವೂ ಬೆಚ್ಚಗೆ. ಚಳಿಯ ನಾಡಿನ ಭಾಷೆಗೆ ಅದು ಸಹಜ. ನಮ್ಮ ಭಾಷೆಗಳಲ್ಲಾದರೆ ಒಳ್ಳೆಯದೆಲ್ಲ ತಂಪು. ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದು ನಮ್ಮ ಅಜ್ಜಿಯರು ಹರಸುತ್ತಾರೆ. ಮಕ್ಕಳನ್ನು ನೋಡಿದರೆ ಕಣ್ಣು ತಂಪಾಗುತ್ತದೆ. ಬೇಸಗೆಯನ್ನು ಹೊಗಳುವ ಕವಿತೆಯನ್ನು ಮೇ ತಿಂಗಳ ಬಾಂಕುರಾದಲ್ಲಿ ಓದಿಸುವ ಮೇಷ್ಟರು ಪದಗಳ ಅರ್ಥವನ್ನು ಹೇಳಬಲ್ಲರು. ಬೇಸಗೆಯ ಬಗೆಗೆ ಪ್ರೀತಿಯನ್ನು ಹುಟ್ಟಿಸಬಲ್ಲರೇ? ಹುಡುಗರು ಕಂಡರಿಯದ ಹೂಗಳು, ಕೇಳರಿಯದ ಹಕ್ಕಿಗಳು, ಮುಟ್ಟಿ ನೋಡದ ಹಿಮ, ಎಲ್ಲವೂ ಅವರಿಗೆ ಕೇವಲ ಟಿಪ್ಪಣಿಗಳು. ಬೋಧಿಸುವವನಿಗೆ ಆ ಹೂವಿನ ಹೆಸರನ್ನು ಉಚ್ಚರಿಸಿದೊಡನೆ ಮನೆಯ ಬೇಲಿಯ ಅಂಚು ಕಣ್ಣಿಗೆ ಕಟ್ಟುತ್ತದೆ. ಎದುರಿಗೆ ಕುಳಿತವರಿಗೆ ಪರೀಕ್ಷೆಯ ಪ್ರಶ್ನೆ ಕಣ್ಣಿಗೆ ಕಟ್ಟುತ್ತದೆ.

ಪರೀಕ್ಷೆಯೇ ಆಗ ಎಲ್ಲಕ್ಕೂ ಒಡೆಯ. ಕಲ್ಕತ್ತಾ ವಿಶ್ವವಿದ್ಯಾನಿಲಯದ ಪದವಿ ಇಲ್ಲದಿದ್ದರೆ ಸರಕಾರದ ಕಚೇರಿಯ ಬಾಗಿಲು ತೆರೆಯದು; ಪದವಿ ಬೇಕಾದರೆ ಇಂಗ್ಲಿಷಿನಲ್ಲಿ ತೇರ್ಗಡೆಯಾಗಬೇಕು. ಸಾಲ ಮಾಡಿ ಮಗನನ್ನು ಓದಿಸುವ ಬಡ ಗೃಹಸ್ಥನಿಗೆ ಕಾವ್ಯಾನಂದವನ್ನು ಕುರಿತು ಮಾತನಾಡುವ ಮೇಷ್ಟರಿಗಿಂತ ಸರಿಯಾದ ನೋಟ್ಸ್ ಬರೆಸುವ ಮೇಷ್ಟರೇ ಉಪಕಾರಿ. ಹುಡುಗರು ಬಾಯಿಪಾಠ ಮಾಡಿದರು, ಮೇಷ್ಟರು ಬೇಸತ್ತರು. ಇದು ಬಾಂಕುರಾ ಒಂದರ ರೋಗವಲ್ಲ. ೧೯೧೭ರಲ್ಲಿ ನೇಮಕವಾದ, ಸರ್ ಮೈಕೇಲ್ ಸ್ಯಾಡ್ಲರ್ ಅಧ್ಯಕ್ಷತೆಯ ಕಲ್ಕತ್ತಾ ವಿಶ್ವವಿದ್ಯಾನಿಲಯ ಆಯೋಗವು ೧೯೧೯ರಲ್ಲಿ ಸಲ್ಲಿಸಿದ ವರದಿಯಲ್ಲಿ ಪರೀಕ್ಷೆಯ ಈ ದೊರೆತನವನ್ನು ಕುರಿತು ವಿಸ್ತಾರವಾಗಿ ಹೇಳಿತು. ಪ್ರೌಢಶಾಲೆಯ ಬೋಧನೆಯಲ್ಲಿ ಮಾತೃಭಾಷೆಗೆ ಹೆಚ್ಚಿನ ಎಡೆ ಸಿಕ್ಕಬೇಕೆಂದೂ ಸೂಚಿಸಿತು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಆ ತರಗತಿಯಲ್ಲಿ ಮನೆಯಿಂದ ದೂರವಾದವರು ಮೇಷ್ಟರೊಬ್ಬರೇ ಅಲ್ಲ. ಹುಡುಗರು ತಮ್ಮ ಊರಿನಲ್ಲಿಯೇ ಕುಳಿತಿದ್ದರು, ನಿಜ. ಆದರೆ ಆ ನಾಲ್ಕು ಗೋಡೆಗಳ ಒಳಗೆ ಅವರ ತಾಯಿಯ ಮಾತಿಗೆ ಪ್ರವೇಶ ಕಡಿಮೆ. ತಮಗೆ ಗೊತ್ತಿದ್ದುದನ್ನು ತಾವು ಬಲ್ಲ ಮಾತಿನಲ್ಲಿ ಹೇಳುವ ಅವಕಾಶವಿಲ್ಲದೆ, ಗೊತ್ತಿಲ್ಲದ್ದನ್ನು ಅರಿಯದ ಮಾತಿನಲ್ಲಿ ಒಪ್ಪಿಸಬೇಕಾಗಿತ್ತು. ಮೇಷ್ಟರು ದೇಶವನ್ನು ಬಿಟ್ಟು ಬಂದವರು; ಹುಡುಗರು ಭಾಷೆಯನ್ನು ಬಾಗಿಲಲ್ಲಿ ಬಿಟ್ಟು ಬಂದವರು. ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ದಿಕ್ಕಿಲ್ಲದವನು ಎಂಬ ಅರ್ಥವೂ ಉಂಟಷ್ಟೆ. ಆ ಅರ್ಥದಲ್ಲಿ ಇಬ್ಬರೂ ಪರದೇಶಿಗಳೇ.

ಬೇರೆ ಎಷ್ಟೋ ಮಂದಿ ಅಧ್ಯಾಪಕರು ಇಂತಹ ಸನ್ನಿವೇಶದಲ್ಲಿ ಕ್ಲಬ್ಬಿನ ಕುರ್ಚಿಯನ್ನು ಆಶ್ರಯಿಸಿ, ರಜೆಯ ದಿನವನ್ನು ಎಣಿಸುತ್ತ ಕಾಲ ಕಳೆದರು. ಥಾಂಪ್ಸನ್ನರು ಹಿಡಿದ ದಾರಿ ಬೇರೆ. ಅವರು ಬಂಗಾಳಿಯನ್ನು ಕಲಿಯತೊಡಗಿದರು. ಬೈಬಲ್ಲನ್ನು ಉಪದೇಶಿಸಲು ಬೇಕಾಗುವಷ್ಟು ಭಾಷೆಯಿಂದ ಅವರಿಗೆ ತೃಪ್ತಿಯಾಗಲಿಲ್ಲ. ಹುಡುಗರು ತರಗತಿಯ ಹೊರಗೆ ಹಾಡುವುದೇನು, ಅವರ ತಾಯಂದಿರು ಸಂಜೆಯ ಹೊತ್ತು ಕಾಳಿಯ ಮುಂದೆ ಹೇಳುವುದೇನು ಎಂಬ ಕುತೂಹಲ ಅವರನ್ನು ಹಿಡಿಯಿತು. ಬಂಗಾಳದ ಶಾಕ್ತ ಪದಗಳನ್ನು ಸಂಗ್ರಹಿಸಿ, ಮತ್ತೊಬ್ಬ ಮಿಷನರಿಯೊಡನೆ ಸೇರಿ ಅನುವಾದಿಸಿ, ೧೯೨೩ರಲ್ಲಿ ಅವರು ಪ್ರಕಟಿಸಿದ ಪುಸ್ತಕ ಈ ಕುತೂಹಲದ ಫಲ. ತನ್ನ ಮನೆ ದೂರವಾದಾಗ ನೆರೆಯವನ ಮನೆಯ ಬಾಗಿಲನ್ನು ತಟ್ಟುವುದೇ ಒಂಟಿತನಕ್ಕೆ ಒಳ್ಳೆಯ ಮದ್ದೆಂಬುದನ್ನು ಅವರು ಅನುಭವದಿಂದ ಕಂಡುಕೊಂಡರು.

*

ಅವರು ತಟ್ಟಿದ ಬಾಗಿಲುಗಳಲ್ಲಿ ಒಂದು ಬಹು ದೊಡ್ಡದು. ೧೯೧೩ರ ಶರತ್ಕಾಲದಲ್ಲಿ ರವೀಂದ್ರನಾಥ ಠಾಕೂರರು ಇಂಗ್ಲೆಂಡ್, ಅಮೆರಿಕಗಳ ಪ್ರವಾಸವನ್ನು ಮುಗಿಸಿ ಹಿಂದಿರುಗಿದ್ದರು. ನವೆಂಬರ್ ತಿಂಗಳ ನಡುವೆ ಒಂದು ದಿನ ಥಾಂಪ್ಸನ್ನರು ಶಾಂತಿನಿಕೇತನಕ್ಕೆ ಅತಿಥಿಯಾಗಿ ಹೋದರು. ಆಕಸ್ಮಿಕವೆಂಬುದು ಕೆಲವೊಮ್ಮೆ ಎಷ್ಟು ಉದಾರವಾಗಿರುತ್ತದೆಯೆಂದರೆ, ರವೀಂದ್ರರಿಗೆ ನೊಬೆಲ್ ಬಹುಮಾನ ಬಂದಿದೆಯೆಂಬ ತಂತಿ ಆಶ್ರಮಕ್ಕೆ ಬಂದು ಮುಟ್ಟಿದ್ದೂ ಆಗಲೇ.

ಆ ದಿನದ ಚಿತ್ರವನ್ನು ಥಾಂಪ್ಸನ್ನರು ಮುಂದೆ ತಮ್ಮ ಗ್ರಂಥದಲ್ಲಿ ಬರೆದಿಟ್ಟಿದ್ದಾರೆ. ನೊಬೆಲ್ ಬಹುಮಾನವೆಂದರೇನೆಂದು ಆಶ್ರಮದ ಹುಡುಗರಿಗೆ ತಿಳಿಯದು. ಆದರೆ ತಮ್ಮ ಗುರುದೇವರು ಏನೋ ಅದ್ಭುತವನ್ನು ಸಾಧಿಸಿದ್ದಾರೆಂಬುದಷ್ಟು ತಿಳಿಯಿತು. ಅಷ್ಟೇ ಸಾಕು. ಅವರು ಸಾಲುಗಟ್ಟಿ, ತಮ್ಮ ಶಾಲೆಯ ಹಾಡನ್ನು ಹಾಡುತ್ತ ಆಶ್ರಮವನ್ನೆಲ್ಲ ಸುತ್ತಿದರು. ಕವಿಯ ಪಾದಗಳ ಮೇಲೆ ಬಿದ್ದರು. ಕವಿಗೆ ಸಂತೋಷದೊಡನೆ ಚಿಂತೆಯೂ ಆಯಿತು. ಇನ್ನು ತಮಗೆ ನೆಮ್ಮದಿಯಿಲ್ಲವೆಂದು ಅವರು ಆ ಅತಿಥಿಯೊಡನೆ ಹೇಳಿಕೊಂಡರು. ಬಾಂಕುರಾದ ಮೇಷ್ಟರು ಅಂದು ಕಂಡದ್ದು ಪ್ರಸಿದ್ಧನಾದ ಕವಿಯೊಬ್ಬನನ್ನು ಮಾತ್ರವಲ್ಲ. ಹುಡುಗರು ತಮ್ಮ ಭಾಷೆಯಲ್ಲಿ ತಾವೇ ಹಾಡುವ ಒಂದು ಶಾಲೆಯನ್ನೂ ಅವರು ಕಂಡರು. ನೋಟ್ಸನ್ನು ಬಾಯಿಪಾಠ ಮಾಡುವ ತರಗತಿಗೆ ಮರಳಿ ಬಂದು ನಿಂತಾಗ ಅವರ ಮನಸ್ಸಿನಲ್ಲಿ ಏನು ನಡೆದಿರಬಹುದೆಂಬುದನ್ನು ಅಧ್ಯಾಪಕರಾದವರೆಲ್ಲ ಊಹಿಸಬಲ್ಲರು.

ಆ ಭೇಟಿ ಜೀವಮಾನದ ಸ್ನೇಹಕ್ಕೆ ಮೊದಲಾಯಿತು, ಸುಲಭವಾದ ಸ್ನೇಹಕ್ಕಲ್ಲ. ರವೀಂದ್ರರ ಸಣ್ಣ ಕತೆಗಳನ್ನು ಇಂಗ್ಲಿಷಿಗೆ ತರುವ ಕೆಲಸದಲ್ಲಿ ಥಾಂಪ್ಸನ್ನರು ತೊಡಗಿದರು. ಆ ಕೆಲಸ ಅವರು ಬಯಸಿದ ರೀತಿಯಲ್ಲಿ ಮುಗಿಯದೆ, ಮನಸ್ಸುಗಳಲ್ಲಿ ಒಂದಿಷ್ಟು ಕಹಿ ಉಳಿಯಿತು. ನಡುವೆ ಮೊದಲನೆಯ ಮಹಾಯುದ್ಧ ಅವರನ್ನು ಬಾಂಕುರಾದಿಂದ ಎತ್ತಿಕೊಂಡು ಹೋಯಿತು. ೧೯೧೬ರಲ್ಲಿ ಸೈನ್ಯದ ಪಾದ್ರಿಯಾಗಿ ಸೇರಿ ಮೆಸೊಪೊಟೇಮಿಯದ ರಣರಂಗವನ್ನು ಕಂಡರು. ಗಾಯಗೊಂಡವರ ಸೇವೆಯಲ್ಲಿ ತೋರಿದ ಧೈರ್ಯಕ್ಕಾಗಿ ಮಿಲಿಟರಿ ಕ್ರಾಸ್ ಪದಕವನ್ನು ಪಡೆದರು. ೧೯೧೯ರಲ್ಲಿ ಜೆರೂಸಲೇಮಿನಲ್ಲಿ ಥಿಯೊಡೋಸಿಯ ಜೆಸಪ್ ಎಂಬ ಅಮೆರಿಕನ್ ಮಿಷನರಿ ಮನೆತನದ ಮಹಿಳೆಯನ್ನು ಮದುವೆಯಾದರು. ಅನಂತರ ದಂಪತಿಗಳು ಬಾಂಕುರಾಕ್ಕೆ ಬಂದರು. ೧೯೨೦ರಲ್ಲಿ ಡಾರ್ಜಿಲಿಂಗಿನಲ್ಲಿ ಅವರ ಹಿರಿಯ ಮಗ ಫ್ರಾಂಕ್ ಹುಟ್ಟಿದನು.

೧೯೨೧ರಲ್ಲಿ ರವೀಂದ್ರರನ್ನು ಕುರಿತು ಥಾಂಪ್ಸನ್ನರ ಮೊದಲ ಪುಸ್ತಕ ಹೊರಬಂದಿತು. ಮುಂದೆ ಸಂಖ್ಯಾಶಾಸ್ತ್ರಜ್ಞರೆಂದು ಜಗತ್ಪ್ರಸಿದ್ಧರಾದ ಪ್ರಶಾಂತಚಂದ್ರ ಮಹಲನೋಬಿಸ್ ಅವರು ಅದಕ್ಕೆ ನೆರವಾದರು. ಅದು ಪ್ರಕಟವಾದದ್ದು ‘ಹೆರಿಟೇಜ್ ಆಫ್ ಇಂಡಿಯ’ ಎಂಬ ಗ್ರಂಥಮಾಲೆಯಲ್ಲಿ. ಇ. ಪಿ. ರೈಸ್ ಎಂಬ ಮಿಷನರಿ ವಿದ್ವಾಂಸರು ಬರೆದ ಕನ್ನಡ ಸಾಹಿತ್ಯ ಚರಿತ್ರೆಯ ಪರಿಷ್ಕೃತ ಮುದ್ರಣವೂ ಅದೇ ವರ್ಷ, ಅದೇ ಮಾಲೆಯಲ್ಲಿ ಬಂದಿತು. ಪಂಪ, ರನ್ನ, ಬಸವಣ್ಣನವರನ್ನು ಇಂಗ್ಲಿಷ್ ಓದುಗರಿಗೆ ಪರಿಚಯಿಸಿದ ಆ ಪುಸ್ತಕ, ರವೀಂದ್ರರನ್ನು ಪರಿಚಯಿಸಿದ ಈ ಪುಸ್ತಕ ಎರಡೂ ಒಂದೇ ಕಪಾಟಿನ ಅಕ್ಕಪಕ್ಕದವು. ಮನೆಯಿಂದ ದೂರವಾದ ಇಬ್ಬರು ಬೇರೆಯವರ ಮನೆಯ ಸಂಪತ್ತನ್ನು ಪ್ರೀತಿಯಿಂದ ಪಟ್ಟಿ ಮಾಡಿದ ಪುಸ್ತಕಗಳವು.

*

೧೯೨೩ರಲ್ಲಿ ಥಾಂಪ್ಸನ್ನರು ಬಾಂಕುರಾವನ್ನು ಬಿಟ್ಟರು. ಕ್ರಮೇಣ ಪಾದ್ರಿಯ ವೃತ್ತಿಯನ್ನೂ ತೊರೆದರು. ಹದಿಮೂರು ವರ್ಷ ಹಂಬಲಿಸಿದ ಇಂಗ್ಲೆಂಡಿಗೆ ಅವರು ಹಿಂದಿರುಗಿ, ಆಕ್ಸ್‌ಫರ್ಡಿನ ಹತ್ತಿರದ ಬೋರ್ಸ್ ಹಿಲ್ ಎಂಬ ಹಸಿರು ಗುಡ್ಡದ ಮೇಲೆ ಮನೆ ಮಾಡಿದರು. ನೆರೆಯಲ್ಲಿ ರಾಬರ್ಟ್ ಬ್ರಿಜಸ್‌ರಂತಹ ಕವಿಗಳ ವಾಸ. ಇಂಗ್ಲೆಂಡಿನ ಹೂವು, ಹಕ್ಕಿ, ಹುಲ್ಲುಗಾವಲು ಎಲ್ಲವೂ ಕೈಗೆ ನಿಲುಕಿದವು. ಕತೆ ಇಲ್ಲಿಗೆ ಸುಖವಾಗಿ ಮುಗಿಯಬೇಕಾಗಿತ್ತು.

ಮುಗಿಯಲಿಲ್ಲ. ಆಕ್ಸ್‌ಫರ್ಡಿನಲ್ಲಿ ಅವರಿಗೆ ದೊರೆತ ಕೆಲಸ ಯಾವುದು? ಭಾರತದ ಸಿವಿಲ್ ಸರ್ವಿಸಿಗೆ ಸೇರಲಿರುವ ಯುವಕರಿಗೆ ಬಂಗಾಳಿ ಭಾಷೆಯನ್ನು ಕಲಿಸುವುದು! ಬಾಂಕುರಾದಲ್ಲಿ ಬಂಗಾಳಿ ಹುಡುಗರಿಗೆ ಇಂಗ್ಲಿಷ್ ಬೋಧಿಸಿದವರು ಈಗ ಇಂಗ್ಲಿಷ್ ಹುಡುಗರಿಗೆ ಬಂಗಾಳಿಯನ್ನು ಬೋಧಿಸತೊಡಗಿದರು. ಅಲ್ಲಿ ಕುಳಿತು ಎನ್ನರ್‌ಡೇಲನ್ನು ನೆನೆದವರು ಇಲ್ಲಿ ಕುಳಿತು ಸಾಲದ ಕಾಡನ್ನು ನೆನೆದರು. ‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆ ಅಲ್ಪರ ಚಾಪಲ್ಯವನ್ನು ಹಾಸ್ಯ ಮಾಡಲು ಹುಟ್ಟಿದ್ದು. ಆದರೆ ಅದರಲ್ಲಿ ಇಂತಹ ನೋವೂ ಅಡಗಿದೆ. ಎರಡು ಊರುಗಳನ್ನು ಪ್ರೀತಿಸಿದವನಿಗೆ ಯಾವಾಗಲೂ ಒಂದು ಊರು ದೂರವೇ.

ಈ ಹಂಬಲವೇ ಅವರ ಕೈಯಲ್ಲಿ ಕಾದಂಬರಿಗಳಾಯಿತು. ೧೯೨೭ರಲ್ಲಿ ಬಂದ ‘ಆನ್ ಇಂಡಿಯನ್ ಡೇ’ ಕಾದಂಬರಿಯ ವಿಷ್ಣುಗ್ರಾಮವೆಂಬ ಊರು ಬಾಂಕುರಾದ ನೆರಳೇ. ೧೯೩೧ರ ‘ಎ ಫೇರ್‌ವೆಲ್ ಟು ಇಂಡಿಯ’ದಲ್ಲಿಯೂ, ೧೯೩೮ರ ‘ಆನ್ ಎಂಡ್ ಆಫ್ ದಿ ಅವರ್ಸ್’ನಲ್ಲಿಯೂ ಅದೇ ಲೋಕ ಮುಂದುವರಿಯುತ್ತದೆ. ಅಲ್ಲಿ ಆಲ್ಡನ್ ಎಂಬ ಮಿಷನರಿ ಅಧ್ಯಾಪಕನಿದ್ದಾನೆ. ತನ್ನ ಬೋಧನೆಯಿಂದ ಏನು ಫಲವೆಂಬ ಸಂದೇಹ, ವಿದ್ಯಾರ್ಥಿಗಳ ಮೇಲಿನ ಮಮತೆ, ಅವರು ರಾಷ್ಟ್ರೀಯ ಚಳವಳಿಗೆ ಓಡಿಹೋದಾಗ ಆಗುವ ಕಳವಳ, ಅವರ ಪಕ್ಷದಲ್ಲಿ ನ್ಯಾಯವಿದೆಯೆಂಬ ಒಳಗಿನ ಒಪ್ಪಿಗೆ, ಇವುಗಳ ನಡುವೆ ಅವನು ಬೇಯುತ್ತಾನೆ. ಬಾಂಕುರಾದಲ್ಲಿ ಬಾಳಿದಾಗ ಇಂಗ್ಲೆಂಡಿನ ಹೆಸರನ್ನು ಪುಸ್ತಕಕ್ಕೆ ಇಟ್ಟವರು, ಇಂಗ್ಲೆಂಡಿನಲ್ಲಿ ಬಾಳಿದಾಗ ಪುಸ್ತಕಗಳ ತುಂಬ ಬಾಂಕುರಾವನ್ನು ತುಂಬಿದರು.

ಋಣವನ್ನು ತೀರಿಸುವ ಇನ್ನೊಂದು ಪ್ರಯತ್ನವನ್ನೂ ಅವರು ಮಾಡಿದರು. ೧೯೨೫ರಲ್ಲಿ ‘ದಿ ಅದರ್ ಸೈಡ್ ಆಫ್ ದಿ ಮೆಡಲ್’ ಎಂಬ ಸಣ್ಣ ಪುಸ್ತಕವನ್ನು ಬರೆದು, ೧೮೫೭ರ ದಂಗೆಯನ್ನು ಅಡಗಿಸುವಾಗ ಬ್ರಿಟಿಷರು ನಡೆಸಿದ ಕ್ರೌರ್ಯವನ್ನು ತಮ್ಮ ದೇಶದವರ ಮುಂದೆಯೇ ಇಟ್ಟರು. ಅದನ್ನು ಪ್ರಕಟಿಸಿದವರು ವರ್ಜೀನಿಯ ವುಲ್ಫ್ ದಂಪತಿಗಳ ಹೊಗಾರ್ತ್ ಪ್ರೆಸ್ಸಿನವರು. ಇಂಗ್ಲಿಷರು ಶಾಲೆಗಳಲ್ಲಿ ಓದುತ್ತಿದ್ದ ಚರಿತ್ರೆ ಪದಕದ ಒಂದು ಮುಖವನ್ನು ಮಾತ್ರ ತೋರಿಸುತ್ತದೆ, ಭಾರತೀಯರ ನೆನಪಿನಲ್ಲಿ ಇನ್ನೊಂದು ಮುಖ ಉರಿಯುತ್ತಿದೆ ಎಂಬುದೇ ಆ ಪುಸ್ತಕದ ತಾತ್ಪರ್ಯ. ಬಾಂಕುರಾದ ತರಗತಿಯಲ್ಲಿ ಹುಡುಗರ ಮುಖವನ್ನು ಹತ್ತಾರು ವರ್ಷ ನೋಡದೆ ಇದ್ದವನು ಇದನ್ನು ಬರೆಯಲಾರನು.

ಆದರೆ ಪ್ರೀತಿಯೊಂದೇ ಎಲ್ಲವನ್ನೂ ತಿಳಿಸಿಕೊಡುವುದಿಲ್ಲ. ೧೯೨೬ರಲ್ಲಿ ಥಾಂಪ್ಸನ್ನರು ರವೀಂದ್ರರನ್ನು ಕುರಿತ ತಮ್ಮ ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಕವಿಯ ಕೃತಿಗಳನ್ನು ಬಂಗಾಳಿಯಲ್ಲಿಯೇ ಓದಿ, ತೂಗಿ, ಹೊಗಳಬೇಕಾದಲ್ಲಿ ಹೊಗಳಿ, ತಪ್ಪೆಂದು ಕಂಡಲ್ಲಿ ತಪ್ಪೆಂದು ಬರೆದರು. ರವೀಂದ್ರರಿಗೆ ಅದು ಸಹಿಸಲಿಲ್ಲ. ತಮ್ಮ ಸ್ನೇಹಿತ, ಚಿತ್ರಕಾರ ರೋಥೆನ್‌ಸ್ಟೈನರಿಗೆ ಬರೆದ ಪತ್ರದಲ್ಲಿ ಅವರು ಕಟುವಾಗಿಯೇ ಅಸಮಾಧಾನವನ್ನು ತೋಡಿಕೊಂಡರು. ಮಿಷನರಿಯ ಶಿಕ್ಷಣವನ್ನು ಪಡೆದವನಿಗೆ ತಮ್ಮ ಬರವಣಿಗೆಯ ಒಳಗಿನ ಕೆಲವು ಭಾವಗಳು ತಿಳಿಯಲಾರವೆಂಬುದೂ, ಯೂರೋಪಿನ ಕವಿಯಾಗಿದ್ದರೆ ಈ ಲೇಖಕನು ಹೆಚ್ಚು ಎಚ್ಚರಿಕೆಯಿಂದ ಬರೆಯುತ್ತಿದ್ದನೆಂಬುದೂ ಅವರ ಆರೋಪ. ೧೯೨೭ರಲ್ಲಿ ಬಂಗಾಳಿಯ ಪ್ರಸಿದ್ಧ ಮಾಸಪತ್ರಿಕೆಯೊಂದರಲ್ಲಿ ಆ ಗ್ರಂಥವನ್ನು ಖಂಡಿಸುವ ವಿಮರ್ಶೆಯೊಂದು ಗುಪ್ತನಾಮದಲ್ಲಿ ಬಂದಿತು. ಬರೆದವರು ರವೀಂದ್ರರೇ ಎಂದು ವಿದ್ವಾಂಸರು ಗುರುತಿಸಿದ್ದಾರೆ.

ಆ ಪತ್ರಿಕೆಯ ಹೆಸರು ‘ಪ್ರವಾಸಿ’. ಕನ್ನಡದಲ್ಲಿ ಪ್ರವಾಸಿ ಎಂದರೆ ಊರೂರು ತಿರುಗುವವನು; ಬಂಗಾಳಿಯಲ್ಲಿ ಊರು ಬಿಟ್ಟು ಪರಸ್ಥಳದಲ್ಲಿ ನೆಲಸಿದವನು. ೧೯೦೧ರಲ್ಲಿ ಅದನ್ನು ಸ್ಥಾಪಿಸಿದ ರಾಮಾನಂದ ಚಟರ್ಜಿಯವರು ಆಗ ಬಂಗಾಳದಿಂದ ದೂರವಾಗಿ ಅಲಹಾಬಾದಿನ ಕಾಯಸ್ಥ ಪಾಠಶಾಲೆಯ ಪ್ರಿನ್ಸಿಪಾಲರಾಗಿದ್ದುದರಿಂದ ತಮ್ಮ ಪತ್ರಿಕೆಗೆ ಆ ಹೆಸರನ್ನು ಇಟ್ಟರು. ಅವರ ಹುಟ್ಟೂರು ಯಾವುದು? ಬಾಂಕುರಾ. ಪರಸ್ಥಳದಲ್ಲಿ ಪಾಠ ಹೇಳುತ್ತ ತನ್ನೂರನ್ನು ನೆನೆದ ಬಾಂಕುರಾದವನ ಪತ್ರಿಕೆಯಲ್ಲಿ, ಬಾಂಕುರಾದಲ್ಲಿ ಪಾಠ ಹೇಳುತ್ತ ತನ್ನೂರನ್ನು ನೆನೆದ ಇಂಗ್ಲಿಷನ ಪುಸ್ತಕಕ್ಕೆ ಏಟು ಬಿದ್ದಿತು!

ಥಾಂಪ್ಸನ್ನರಿಗೆ ಅದರಿಂದ ನೋವಾಗದೆ ಇರಲಿಲ್ಲ. ಆದರೆ ತಪ್ಪು ಒಂದೇ ಕಡೆಯದೆಂದು ಹೇಳಲಾಗದು. ಮೇಷ್ಟರ ಕೆಲಸದ ಒಂದು ದೋಷವೆಂದರೆ, ಎಲ್ಲವನ್ನೂ ಉತ್ತರಪತ್ರಿಕೆಯಂತೆ ತಿದ್ದುವ ಅಭ್ಯಾಸ. ಪ್ರೀತಿಸಿದ ಕವಿಗೂ ಅವರು ಅಂಕಗಳನ್ನು ಕೊಡಹೋದರು. ಅತಿಥಿಯಾಗಿ ಬಂದವನು ಮನೆಯ ಊಟವನ್ನು ಹೊಗಳಬಹುದು; ಸಾರಿಗೆ ಉಪ್ಪು ಕಡಿಮೆಯೆಂದು ಹೇಳಲು ಮನೆಯವನೇ ಆಗಿರಬೇಕು. ತಾನು ಮನೆಯವನೆಂದು ಥಾಂಪ್ಸನ್ನರು ತಿಳಿದಿದ್ದರು. ಮನೆಯವರು ಹಾಗೆ ತಿಳಿದಿರಲಿಲ್ಲ. ಪರದೇಶದಲ್ಲಿ ನೆಲಸಿದವರೆಲ್ಲ ಎಂದಾದರೊಂದು ದಿನ ಈ ಹೊಸ್ತಿಲನ್ನು ಎಡವದೆ ಇರುವುದಿಲ್ಲ. ವರ್ಷಗಳು ಕಳೆದ ಮೇಲೆ ಇಬ್ಬರೂ ಮತ್ತೆ ಪತ್ರ ಬರೆಯತೊಡಗಿದರೆಂಬುದು ಇಬ್ಬರ ದೊಡ್ಡತನ. ೧೯೪೧ರಲ್ಲಿ ರವೀಂದ್ರರು ತೀರಿಕೊಂಡರು. ಥಾಂಪ್ಸನ್ನರ ಗ್ರಂಥ ಪರಿಷ್ಕೃತವಾಗಿ ಮತ್ತೆ ಅಚ್ಚಾದದ್ದು ೧೯೪೮ರಲ್ಲಿ; ಅದನ್ನು ನೋಡಲು ಅದರ ಕರ್ತೃವೂ ಆಗ ಉಳಿದಿರಲಿಲ್ಲ.

*

ಬೋರ್ಸ್ ಹಿಲ್ಲಿನ ಆ ಮನೆಗೆ ಭಾರತದ ದಾರಿ ಎಂದೂ ಮುಚ್ಚಲಿಲ್ಲ. ಜವಾಹರಲಾಲ್ ನೆಹರೂ ಅವರು ಅಲ್ಲಿಗೆ ಬರುತ್ತಿದ್ದರು. ಹುಡುಗನಾಗಿದ್ದಾಗ ತನಗೆ ಕ್ರಿಕೆಟ್ ಬ್ಯಾಟು ಹಿಡಿಯುವ ಬಗೆಯನ್ನು ಅವರು ತಿದ್ದಿದ್ದನ್ನು ಕಿರಿಯ ಮಗ ಮುಂದೆ ನೆನೆದುಕೊಂಡಿದ್ದಾನೆ. ನೆಹರೂ ಅವರು ೧೯೫೮ರಲ್ಲಿ ಪ್ರಕಟಿಸಿದ ಹಳೆಯ ಪತ್ರಗಳ ಸಂಪುಟದಲ್ಲಿ ಥಾಂಪ್ಸನ್ನರ ಪತ್ರಗಳೂ ಇವೆ. ೧೯೩೯ರಲ್ಲಿ, ಎರಡನೆಯ ಮಹಾಯುದ್ಧ ಮೊದಲಾದ ಸಮಯದಲ್ಲಿ, ಅವರು ಮತ್ತೊಮ್ಮೆ ಭಾರತಕ್ಕೆ ಬಂದು ನಾಯಕರನ್ನು ಕಂಡರು. ಆ ಯುದ್ಧವೇ ಅವರ ಮನೆಯನ್ನು ಮುರಿಯಿತು. ಡಾರ್ಜಿಲಿಂಗಿನಲ್ಲಿ ಹುಟ್ಟಿದ ಮಗ ಫ್ರಾಂಕ್ ಬಲ್ಗೇರಿಯದಲ್ಲಿ ಫ್ಯಾಸಿಸ್ಟರ ವಿರುದ್ಧ ಹೋರಾಡುತ್ತಿದ್ದ ದಳಗಳ ನೆರವಿ‌ಗೆ ಹೋಗಿ, ೧೯೪೪ರಲ್ಲಿ ಸೆರೆಸಿಕ್ಕಿ ಗುಂಡಿಗೆ ಬಲಿಯಾದನು. ಆಗ ಅವನಿಗೆ ಇಪ್ಪತ್ತಮೂರು ವರ್ಷ. ತಂದೆ ೧೯೪೬ರ ಏಪ್ರಿಲ್ ತಿಂಗಳಿನಲ್ಲಿ ಕಣ್ಣು ಮುಚ್ಚಿದರು. ಭಾರತ ಸ್ವತಂತ್ರವಾಗಲು ಆಗ ಇನ್ನೂ ಹದಿನಾರು ತಿಂಗಳು ಉಳಿದಿತ್ತು.

ಕಿರಿಯ ಮಗ ಇ. ಪಿ. ಥಾಂಪ್ಸನ್ ಇಂಗ್ಲೆಂಡಿನ ಕಾರ್ಮಿಕ ವರ್ಗದ ಚರಿತ್ರೆಯನ್ನು ೧೯೬೩ರಲ್ಲಿ ಬರೆದು ತಂದೆಗಿಂತ ಹೆಚ್ಚಿನ ಕೀರ್ತಿಯನ್ನು ಪಡೆದನು. ಅವನೂ ತನ್ನ ಬಾಳಿನ ಕೊನೆಯಲ್ಲಿ ತಂದೆಯ ಹಳೆಯ ಪತ್ರಗಳ ಕಟ್ಟನ್ನು ಬಿಚ್ಚಿ ಕುಳಿತನು. ತಂದೆಗೂ ರವೀಂದ್ರರಿಗೂ ಇದ್ದ ಸಂಬಂಧವನ್ನು ಕುರಿತು ಅವನು ಬರೆದ ‘ಏಲಿಯನ್ ಹೋಮೇಜ್’ ಎಂಬ ಪುಸ್ತಕ ೧೯೯೩ರಲ್ಲಿ, ಅವನು ತೀರಿಕೊಂಡ ವರ್ಷವೇ, ಪ್ರಕಟವಾಯಿತು. ಪರಕೀಯನೊಬ್ಬನ ಪ್ರಣಾಮ ಎಂದು ಆ ಹೆಸರನ್ನು ಅರ್ಥೈಸಬಹುದು. ೨೦೦೧ರಲ್ಲಿ ಬಂದ ಥಾಂಪ್ಸನ್ನರ ಜೀವನಚರಿತ್ರೆಗೆ ಇಟ್ಟ ಹೆಸರು ‘ಇಂಡಿಯಾಸ್ ಪ್ರಿಸನರ್’, ಭಾರತದ ಬಂದಿ. ಹಡಗು ಹತ್ತಿ ಹೋದರೂ ಬಿಡುಗಡೆಯಾಗದ ಸೆರೆ ಅದು.

ಇಂದು ಕನ್ನಡ ನಾಡಿನ ಎಷ್ಟೋ ಮನೆಗಳ ಮಕ್ಕಳು ಪರದೇಶಗಳ ಕಾಲೇಜುಗಳಲ್ಲಿ ಪಾಠ ಹೇಳುತ್ತಿದ್ದಾರೆ. ಅವರಿಗೆ ಹದಿನೈದು ದಿನಗಳ ಹಳೆಯ ಪತ್ರಕ್ಕಾಗಿ ಕಾಯುವ ಕಷ್ಟವಿಲ್ಲ. ತಾಯಿಯ ಮುಖವನ್ನು ಪ್ರತಿದಿನವೂ ಫೋನಿನ ಗಾಜಿನಲ್ಲಿ ನೋಡಬಲ್ಲರು. ಆದರೂ ಸಂಜೆಯ ಹೊತ್ತು, ಹುಡುಗರೆಲ್ಲ ಹೊರಟುಹೋದ ತರಗತಿಯಲ್ಲಿ, ಬರೆದ ಹಲಗೆಯನ್ನು ಒರೆಸುವಾಗ ಏನೋ ಒಂದು ನೆನಪಾಗಿ ಕೈ ಅಲ್ಲಿಯೇ ನಿಲ್ಲುವುದುಂಟು. ಆ ನೆನಪನ್ನು ದೌರ್ಬಲ್ಯವೆಂದು ನಾಚಬೇಕಾಗಿಲ್ಲ. ಬಾಂಕುರಾದ ಮೇಷ್ಟರಂತೆ ಅದನ್ನೇ ಹಿಡಿದು, ಎದುರಿನ ಮಕ್ಕಳಿಗೂ ಒಂದು ಮನೆಯಿದೆ, ಅವರ ಮಾತಿಗೂ ಒಂದು ತಾಯಿಯಿದ್ದಾಳೆ ಎಂಬುದನ್ನು ಅರಿತರೆ ಅಷ್ಟು ಸಾಕು. ಆಗ ಹಂಬಲಿಸಿದ ಊರು ಹತ್ತಿರವಾಗದಿದ್ದರೂ, ಇರುವ ಊರು ಅಷ್ಟು ದೂರವೆನಿಸುವುದಿಲ್ಲ.